ಮಿಕ್ಕ ಬಿಸಿಲು

ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಹೊರಗೆ ಗೋಡೆಯ ಮೇಲಿನ, ಕಾರಿಗೆ ಕರೆಂಟು ತುಂಬುವ ಪೆಟ್ಟಿಗೆ ‘ಟಕ್’ ಎಂದಿತು. ಸೊಸೆಯ ಕೈ ತಟ್ಟೆಯ ಮೇಲೆಯೇ ನಿಂತಿತು.

“ಯಾರು ಏನು ಹಾಕಿದ್ರಿ?”

“ನಾನಂತೂ ಅಲ್ಲಪ್ಪ!” ಎಂದು ಮಗಳು ಕೋಣೆಯಿಂದ ಕೂಗಿದಳು. ಕೂದಲು ಒಣಗಿಸುವ ಯಂತ್ರ ಗುಯ್‌ಗುಡುತ್ತಿದ್ದುದರಿಂದ ಅವಳು ಗಂಟಲು ಹರಿಯುವಂತೆ ಕೂಗಬೇಕಾಯಿತು.

“ಓವನ್ ಹಾಕ್ದೆ ಕಣೆ,” ಎಂದರು ಅತ್ತೆ ಅಡುಗೆಮನೆಯಿಂದ. “ಬಿಸಿಲು ಇಷ್ಟು ಚೆನ್ನಾಗಿದೆ, ಸುಮ್ನೆ ದಂಡ ಯಾಕೆ ಮಾಡೋದು?”

ಸೊಸೆ ಎಂಜಲು ಕೈಯಲ್ಲೇ ಎದ್ದು ಕಿಟಕಿಯಿಂದ ಇಣುಕಿದಳು. ಪೆಟ್ಟಿಗೆಯ ಹಸಿರು ದೀಪ ಹೋಗಿ ನೀಲಿ ಮಿಣುಕುತ್ತಿತ್ತು. ಅದರಿಂದ ಇಳಿದ ಕೇಬಲ್ ಕಾರಿನ ಮೂತಿಗೆ ಸಿಕ್ಕಿಕೊಂಡೇ ಇತ್ತು, ಆದರೆ ಒಳಗೆ ಏನೂ ಹರಿಯುತ್ತಿರಲಿಲ್ಲ. ಬಾಯಿಗೆ ಬಾಟಲಿ ಇಟ್ಟು ಹಾಲು ಕೊಡದೆ ಕೂರಿಸಿದ ಕೂಸಿನ ಹಾಗಿತ್ತು ಕಾರಿನ ಸ್ಥಿತಿ. ಅವಳು ಮತ್ತೆ ಬಂದು ಕೂತಳು, ಎರಡು ತುತ್ತು ಉಂಡಳು, ಮತ್ತೆ ಎದ್ದಳು.

“ನೆಮ್ಮದಿಯಾಗಿ ಕೂತು ತಿನ್ನಬಾರದಾ? ಕಾಲಿಗೆ ಚಕ್ರ ಕಟ್ಕೊಂಡ ಹಾಗೆ ಆಡ್ತೀಯಲ್ಲ,” ಎಂದರು ಅತ್ತೆ.

ಚಕ್ರ ಕಾಲಿಗಲ್ಲ, ಕಾರಿಗಿತ್ತು. ಆ ಚಕ್ರ ಉರುಳಿದರೆ ಮಾತ್ರ ಅವಳ ಕೆಲಸ ಉಳಿಯುತ್ತಿತ್ತು. ಅವಳು ಫಿಸಿಯೋಥೆರಪಿಸ್ಟ್. ಮಗಳು ಹುಟ್ಟಿದಾಗ ಬಿಟ್ಟಿದ್ದ ಕೆಲಸ ಮಗಳು ಕಾಲೇಜಿಗೆ ಸೇರಿದ ಮೇಲೆ ಮತ್ತೆ ಕೈಗೆ ಸಿಕ್ಕಿತ್ತು. ಊರಿನ ಒಂದು ಕ್ಲಿನಿಕ್ ಅವಳನ್ನು ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸಲು ತೆಗೆದುಕೊಂಡಿತ್ತು. ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದವರು, ಮಂಡಿ ಬದಲಾಯಿಸಿಕೊಂಡವರು ಅವಳಿಗಾಗಿ ಕಾಯುತ್ತಿದ್ದರು. ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ನಡುವೆ ಊಟಕ್ಕೆ ಮನೆ. ಅವಳು ಉಣ್ಣುವ ಹೊತ್ತಿಗೇ ಕಾರೂ ಉಣ್ಣಬೇಕು.

ಈ ಏರ್ಪಾಡು ಗಂಡನದು. ಅವನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಊರಿಗೆಲ್ಲ ಸರದಿಯ ಮೇಲೆ ನೀರು ಬಿಟ್ಟು ಅಭ್ಯಾಸವಾದವನು. ಕೆಲಸದ ಮಾತು ಬಂದಾಗ ಅತ್ತೆ, “ಹೋಗ್ಲಿ, ನಾನೇನು ಬೇಡ ಅಂದ್ನಾ? ಆದ್ರೆ ದುಡಿದದ್ದನ್ನೆಲ್ಲ ಗಾಡಿಯ ಹೊಟ್ಟೆಗೇ ಸುರಿಯೋದಾದ್ರೆ ಮನೇಲೇ ಇರಬಹುದು,” ಎಂದಿದ್ದರು. ಆಗ ಗಂಡ ಎದೆ ತಟ್ಟಿಕೊಂಡು ಹೇಳಿದ್ದ: “ಅಮ್ಮಾ, ಚಾವಣಿ ಮೇಲಿನ ಸೋಲಾರ್ ಹಲಗೆ ಹಿಡಿದ ಬಿಸಿಲು ಮೊದಲು ಮನೆಗೆ. ಮನೆಗೆ ಸಾಕಾಗಿ ಮಿಕ್ಕಿದ್ದು ಮಾತ್ರ ಕಾರಿಗೆ. ಕಂಬದ ಕರೆಂಟನ್ನ ಅದು ಮೂಸಿಯೂ ನೋಡಲ್ಲ. ಇವಳ ಓಡಾಟದಿಂದ ಮನೆಗೆ ಒಂದು ಕಾಸಿನ ಭಾರ ಇಲ್ಲ, ಬರೆದು ಕೊಡ್ಲಾ?” ಅತ್ತೆ ಒಪ್ಪಿದರು. ಸೊಸೆಗೆ ಆ ಹೊತ್ತು ಗಂಡನ ಮೇಲೆ ಪ್ರೀತಿ ಉಕ್ಕಿ ಬಂದದ್ದು ನಿಜ. ಮಿಕ್ಕಿದ್ದು ಎಂಬ ಮಾತು ಆಗ ಅವಳ ಕಿವಿಗೆ ಚುಚ್ಚಲಿಲ್ಲ.

ಅವನು ಮನೆಯವರನ್ನೆಲ್ಲ ಕೂರಿಸಿಕೊಂಡು ಪಾಠ ಮಾಡಿದ. ಫೋನಿನಲ್ಲಿ ಬಣ್ಣಗಳನ್ನು ತೋರಿಸಿದ. ಬಿಸಿಲಿನಿಂದ ಬಂದದ್ದು ಹಳದಿ, ಕಂಬದಿಂದ ಬಂದದ್ದು ಕೆಂಪು. “ಹಳದಿ ಇರುವಾಗ ಏನು ಬೇಕಾದ್ರೂ ಹಾಕ್ಕೊಳ್ಳಿ, ಪುಕ್ಕಟೆ. ಕೆಂಪಾದ್ರೆ ನನ್ನ ಮೈ ಉರಿಯುತ್ತೆ,” ಎಂದ. ಮಗಳು ಅಂದಿನಿಂದ ಅವನನ್ನು ಕರೆಂಟ್ ಮಂತ್ರಿ ಎಂದು ಕರೆಯತೊಡಗಿದಳು. ಅವನಿಗೆ ಆ ಹೆಸರು ಹಿಡಿಸಿತು. ಕಚೇರಿಯವರನ್ನು ಕರೆತಂದು ಪೆಟ್ಟಿಗೆ ತೋರಿಸಿ, “ನನ್ನ ಹೆಂಡತಿ ಬರೀ ಬಿಸಿಲಲ್ಲಿ ಊರು ಸುತ್ತುತ್ತಾಳೆ,” ಎಂದು ತಾನೇ ನಗುತ್ತಿದ್ದ.

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವುದು ಸುಳ್ಳಲ್ಲ. ಮೊದಲು ವಾರಕ್ಕೊಮ್ಮೆ ಬ್ರೆಡ್ ಬೇಯಿಸುತ್ತಿದ್ದ ಅತ್ತೆ ಈಗ ದಿನಾ ಬೇಯಿಸಿ ಬೀದಿಗೆಲ್ಲ ಹಂಚಿದರು. ಬೆಳಗ್ಗೆ ಒಗೆಯುತ್ತಿದ್ದ ಬಟ್ಟೆ ಮಧ್ಯಾಹ್ನಕ್ಕೆ ಬಂತು. ಸ್ನಾನದ ನೀರು ಮಧ್ಯಾಹ್ನವೇ ಕಾದು ಸಂಜೆಯವರೆಗೆ ಡ್ರಮ್ಮಿನಲ್ಲಿ ಕೂತಿತು. ಇಸ್ತ್ರಿಪೆಟ್ಟಿಗೆಗೆ ಪುರುಸೊತ್ತೇ ಇಲ್ಲ; ಅಂಗಿ, ಹಾಸಿಗೆ ಹೊದಿಕೆ, ಕರವಸ್ತ್ರ ಮುಗಿದು ಒಂದು ದಿನ ನೆಲ ಒರೆಸುವ ಬಟ್ಟೆಗೂ ಇಸ್ತ್ರಿ ಬಿತ್ತು. ಕಚೇರಿಯಲ್ಲಿ ಕೂತ ಮಂತ್ರಿಯೂ ಸುಮ್ಮನಿರುತ್ತಿರಲಿಲ್ಲ. “ಅಮ್ಮಾ, ಈಗ ಭರ್ತಿ ಹಳದಿ ಇದೆ, ವಾಷಿಂಗ್ ಮೆಷಿನ್ ಹಾಕಿಬಿಡು,” ಎಂದು ಅಲ್ಲಿಂದಲೇ ಫೋನು ಮಾಡುತ್ತಿದ್ದ. ಇಲ್ಲಿ ಪೆಟ್ಟಿಗೆ ಟಕ್ ಎನ್ನುತ್ತಿತ್ತು.

ಮಿಕ್ಕದ್ದು ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಆ ಪೆಟ್ಟಿಗೆ ಕಾರಿಗೆ ತೊಟ್ಟೂ ಕೊಡುವುದಿಲ್ಲ. ಸೊಸೆಯ ಕಿವಿ ಆ ಸದ್ದಿಗೆ ಎಷ್ಟು ಪಳಗಿತೆಂದರೆ, ರೋಗಿಗಳ ಮನೆಯಲ್ಲಿ ಯಾರಾದರೂ ಪೆನ್ನಿನ ಗುಂಡಿ ಒತ್ತಿದರೂ ಬೆಚ್ಚಿ ತಿರುಗುತ್ತಿದ್ದಳು.

ಆಮೇಲೆ ಮೋಡದ ವಾರ ಬಂತು.

ಮಳೆ ಸುರಿಯಲಿಲ್ಲ, ಬಿಸಿಲು ಬರಲಿಲ್ಲ. ಆಕಾಶ ಹಳೆಯ ಪಾತ್ರೆಯ ತಳದ ಹಾಗೆ ಬೂದಾಗಿ ಕೂತುಬಿಟ್ಟಿತು. ಬಂದ ಅರೆಬರೆ ಹಳದಿಯನ್ನು ಓವನ್, ಇಸ್ತ್ರಿಗಳೇ ನೆಕ್ಕಿದವು. ದಿನದಿಂದ ದಿನಕ್ಕೆ ಕಾರಿನೊಳಗಿನ ಅಂಕಿ ಇಳಿಯಿತು. ಸೊಸೆ ಎ.ಸಿ. ಆರಿಸಿದಳು, ರೇಡಿಯೊ ಆರಿಸಿದಳು, ಇಳಿಜಾರಿನ ಬೀದಿಗಳನ್ನೇ ಹುಡುಕಿ ಓಡಿಸಿದಳು. ಮಾಮೂಲಿ ಪ್ಲಗ್ಗಿಗೆ ಹಾಕುವ ಕೇಬಲ್ ಒಂದು ಕಾರಿನ ಜೊತೆ ಬಂದಿತ್ತು. ‘ನಮಗಿದು ಬೇಡದ ವಸ್ತು’ ಎಂದು ಗಂಡ ಅದನ್ನು ಕಚೇರಿಯ ಗೆಳೆಯನಿಗೆ ದಾನ ಮಾಡಿ ಆಗಿತ್ತು. ಪೆಟ್ಟಿಗೆಗೆ ಕಂಬದ ಕರೆಂಟು ಬಿಡಬೇಕಾದರೆ ಅವನ ಫೋನಿನಲ್ಲೇ ಒತ್ತಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಗುರುವಾರ ಸಂಜೆ ಕಾರು ಹೊರಡುವ ಸ್ಥಿತಿಯಲ್ಲಿರಲಿಲ್ಲ. ಅವಳು ಗಂಡನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಬಾಡಿಗೆ ಗಾಡಿ ಕರೆದರೆ, ಅಷ್ಟು ದೂರದ ಬಡಾವಣೆಗೆ ಯಾರೂ ಬರಲೊಪ್ಪಲಿಲ್ಲ. ಆ ಬಡಾವಣೆಯ ಕೊನೆಯಲ್ಲಿ ಗಾರ್ಡ್ ತಾತನ ಮನೆ. ರೈಲಿನ ಗಾರ್ಡ್ ಆಗಿ ನಿವೃತ್ತರಾದವರು, ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಮಂಚದಿಂದ ಬಾಗಿಲವರೆಗೆ ಬಂದಿದ್ದರು. ಆ ಗುರುವಾರ ಮೊದಲ ಸಲ ಹೊಸಿಲು ದಾಟಿ ಗೇಟಿನವರೆಗೆ ನಡೆಯುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಮರುದಿನ ಅವರ ಹೆಂಡತಿ ಫೋನು ಮಾಡಿದರು. ದೂರುವ ದನಿಯಲ್ಲ. “ನಿನ್ನೆ ಮಧ್ಯಾಹ್ನವೇ ಶೂ ಹಾಕಿಸ್ಕೊಂಡು ಕೂತ್ಬಿಟ್ಟಿದ್ರಮ್ಮ. ಲೇಸ್ ಬಲಗೈಯೊಂದರಲ್ಲೇ ಕಟ್ಕೊಂಡ್ರು, ನಿಮಗೆ ತೋರಿಸ್ಬೇಕು ಅಂತ. ನೀವು ಬರಲ್ಲ ಅಂತ ಕ್ಲಿನಿಕ್ಕಿನವರು ಹೇಳಿದ್ರು, ಇವರು ನಂಬಲಿಲ್ಲ. ಗಾಡಿ ಲೇಟಷ್ಟೇ, ರದ್ದಾಗಿಲ್ಲ ಅಂತಾರೆ. ಮಲಗೋವರೆಗೂ ಬಿಚ್ಚೋಕೆ ಬಿಡಲಿಲ್ಲ.”

ಸೊಸೆ ಫೋನು ಇಟ್ಟು ಅಡುಗೆಮನೆಯ ಗೋಡೆಗೆ ಒರಗಿ ಅತ್ತಳು. ಅಳು ಮುಗಿಯುವ ಮೊದಲೇ ಕ್ಲಿನಿಕ್ಕಿನ ಮೇಲ್ವಿಚಾರಕಿಯ ಫೋನು ಬಂತು. ಇನ್ನೊಂದು ಸಲ ಹೀಗಾದರೆ ಆ ಬಡಾವಣೆಯ ರೋಗಿಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸುವುದಾಗಿ ಆಕೆ ಹೇಳಿದಳು. ಬಡಾವಣೆ ಹೋದರೆ ಇವಳ ಸಂಜೆಯ ಸುತ್ತು ಇಡಿಯಾಗಿ ಹೋದಂತೆ.

ಅಂದು ಊಟದ ಮೇಜಿನಲ್ಲಿ ಬಿರುಗಾಳಿ ಎದ್ದಿತು.

“ಒಂದು ಮಾತು ಹೇಳಿದ್ರೆ ಅಲ್ಲಿಂದಲೇ ಒತ್ತಿಬಿಡ್ತಿದ್ದೆ,” ಎಂದ ಗಂಡ.

“ಹೇಳೋಕೆ ಫೋನು ಎತ್ತಬೇಕಲ್ಲ.”

“ಮೀಟಿಂಗ್‌ನಲ್ಲಿದ್ದೆ ಮಾರಾಯ್ತಿ.”

“ಮೀಟಿಂಗ್‌ನಲ್ಲಿದ್ದುಕೊಂಡೇ ಅತ್ತೆಗೆ ನೀರು ಕಾಯಿಸು ಅಂತ ಮೆಸೇಜ್ ಹಾಕಿದ್ರಿ.”

ಮಗಳು ಪಕ್ಕನೆ ನಕ್ಕು, ಅಪ್ಪನ ಮುಖ ನೋಡಿ ನಗೆಯನ್ನು ನೀರಿನ ಜೊತೆ ನುಂಗಿದಳು.

“ನನ್ನ ಮೇಲೆ ಹರಿಹಾಯ್ಬೇಡ. ಈ ಏರ್ಪಾಡೆಲ್ಲ ಯಾರಿಗೋಸ್ಕರ ಮಾಡಿದ್ದು? ನಿನಗೋಸ್ಕರ ತಾನೆ?” ಎಂದ ಅವನು. ದನಿಯಲ್ಲಿ ನೋವೂ ಇತ್ತು. ಕೊನೆಗೆ ದೊಡ್ಡ ಮನಸ್ಸು ಮಾಡಿ, ಕಾರಿಗೆ ಕಡಿಮೆ ಬಿದ್ದಷ್ಟನ್ನು ಸಂಜೆಯ ಸುತ್ತು ಮುಗಿದ ಮೇಲೆ ಕಂಬದಿಂದ ತುಂಬಿಸಲು ಒಪ್ಪಿದ.

ಸಮಸ್ಯೆ ಬಗೆಹರಿಯಿತು ಎಂದುಕೊಂಡರೆ ಈಗ ಇನ್ನೊಂದು ಹಿಂಸೆ ಶುರುವಾಯಿತು. ದಿನಾ ಊಟಕ್ಕೆ ಕೂತಾಗ ಗಂಡ ಫೋನು ತೆಗೆದು ವರದಿ ಓದುತ್ತಿದ್ದ. “ಮನೆ, ಹಳದಿ. ಬಿಸಿನೀರು, ಹಳದಿ. ಕಾರು...” ಎಂದು ನಿಲ್ಲಿಸಿ ನಿಟ್ಟುಸಿರು ಬಿಡುತ್ತಿದ್ದ. “ಕಾರು ಇವತ್ತೂ ಕೆಂಪು.” ಬೈಯುತ್ತಿರಲಿಲ್ಲ. ಬೈದಿದ್ದರೆ ಅವಳೂ ತಿರುಗಿ ಬೈಯಬಹುದಿತ್ತು. ಅತ್ತೆ, “ಪಾಪ, ಅವಳೇನು ಮಾಡ್ತಾಳೆ ಬಿಡೋ, ಕೆಲಸ ಅಂದಮೇಲೆ ಖರ್ಚು ಇರುತ್ತೆ,” ಎಂದು ಸಮಾಧಾನ ಹೇಳುತ್ತ ಬ್ರೆಡ್ಡಿನ ಬುಟ್ಟಿ ಮುಂದೆ ಸರಿಸುತ್ತಿದ್ದರು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು. ಸೊಸೆ ಮನೆಯೊಳಗೆ ದೀಪ ಹಾಕಲೂ ಹಿಂಜರಿಯತೊಡಗಿದಳು. ಬೆಳಗ್ಗೆ ತಣ್ಣೀರು ಸ್ನಾನ ಮಾಡಿದಳು. ತನ್ನ ಅಂಗಿಗಳನ್ನು ದಿಂಬಿನ ಕೆಳಗೆ ಮಡಿಸಿಟ್ಟು ಗೆರೆ ತೆಗೆದಳು. ಇಷ್ಟಾದರೂ ಕಾರು ಕೆಂಪೇ.

ಹೀಗೇ ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಎಲ್ಲರಿಗೂ ಬಡಿಸಿ ತಾನು ಕೂರುವ ಹೊತ್ತಿಗೆ ಪಾತ್ರೆಯಲ್ಲಿ ಎರಡು ಆಲೂಗಡ್ಡೆ ಚೂರು ಉಳಿದಿದ್ದವು.

“ಅಯ್ಯೋ, ನಿನಗೇ ಸಾಲಲಿಲ್ಲ ನೋಡು,” ಎಂದರು ಅತ್ತೆ. “ಎರಡು ಮೊಟ್ಟೆ ಹುರ್ಕೋ.”

ಅವಳು ಬಾಣಲೆ ಇಟ್ಟು ಒಲೆ ಹಚ್ಚಿದಳು. ಗಂಡ ಹಲ್ಲುಕಡ್ಡಿ ಆಡಿಸುತ್ತ ತಮಾಷೆ ಮಾಡಿದ: “ನೋಡಿದ್ಯಾ, ನಿನ್ನೊಬ್ಬಳಿಗೋಸ್ಕರ ಈಗ ಮತ್ತೆ ಗ್ಯಾಸ್ ಉರಿಸ್ಬೇಕು.”

ಅವಳು ಮೊಟ್ಟೆ ಒಡೆಯಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತಳು.

“ನನ್ನೊಬ್ಬಳಿಗೋಸ್ಕರ ಅಲ್ಲ,” ಎಂದಳು ಮೆಲ್ಲಗೆ. “ನೀವು ಮೂರು ಸಲ ಬಡಿಸ್ಕೊಂಡ್ರಲ್ಲ, ಅದಕ್ಕೋಸ್ಕರ.”

“ತಮಾಷೆಗೆ ಅಂದೆ ಕಣೆ!”

“ಗೊತ್ತು.”

ಮೊಟ್ಟೆ ಹುರಿದಳು, ನಿಂತೇ ತಿಂದಳು. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಉಳಿಯಿತು. ಪಾತ್ರೆ ತೊಳೆದಳು, ಮೇಜು ಒರೆಸಿದಳು, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಕೊನೆಗೆ ಗಂಡ ಮಲಗಿ ಗೊರಕೆ ಹೊಡೆಯುವಾಗ ಅವನ ಫೋನು ಎತ್ತಿಕೊಂಡು ಮಗಳ ಕೋಣೆಗೆ ಹೋದಳು.

“ಯಾರಿಗೆ ಮೊದಲು, ಯಾರಿಗೆ ಆಮೇಲೆ ಅಂತ ಇದರಲ್ಲಿ ಎಲ್ಲಿದೆ ತೋರಿಸು.”

ಮಗಳು ಎರಡು ಕಡೆ ಒತ್ತಿದಳು. ಮನೆ, ಅದರ ಕೆಳಗೆ ಬಿಸಿನೀರು, ತಳದಲ್ಲಿ ಕಾರು. “ಬೆರಳಿಟ್ಟು ಎಳೆದರೆ ಮೇಲೆ ಹೋಗುತ್ತೆ.”

“ಕಾರನ್ನ ಮೇಲೆ ಹಾಕಿದ್ರೆ ಮನೇಲಿ ಕರೆಂಟ್ ನಿಂತುಹೋಗುತ್ತಾ? ಅಜ್ಜಿ ಓವನ್ ಅರ್ಧಕ್ಕೇ ಆರಿಹೋದ್ರೆ?”

“ಏನೂ ಆಗಲ್ಲಮ್ಮ. ಓವನ್‌ಗೆ ಕಂಬದಿಂದ ಬರುತ್ತೆ. ಈಗ ಕಾರು ಸಾಯಂಕಾಲ ತಗೊಳ್ತಿರೋದನ್ನ ಮನೆ ಮಧ್ಯಾಹ್ನ ತಗೊಳ್ಳುತ್ತೆ. ಒಟ್ಟು ಅಷ್ಟೇ. ಕೆಂಪು ಯಾರ ಹೆಸರಲ್ಲಿ ತೋರಿಸ್ಬೇಕು ಅನ್ನೋದಷ್ಟೇ ಬದಲಾಗೋದು.”

“ಬರೀ ಹೆಸರಾ?”

“ಬರೀ ಹೆಸರು.”

ಇಷ್ಟು ದಿನ ತಣ್ಣೀರು ಸುರಿದುಕೊಂಡ ಮೈ ಅವಳಿಗೆ ಒಮ್ಮೆಲೇ ನೆನಪಾಯಿತು. ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು. ಬೆರಳಿಟ್ಟು ಎಳೆದಳು. ಕಾರು ಮೇಲಕ್ಕೆ ಹೋಗಿ ಕೂತಿತು, ಮನೆ ತಾನಾಗಿ ಕೆಳಗಿಳಿಯಿತು.

ಸೋಮವಾರ ಮಧ್ಯಾಹ್ನ ಓವನ್ ಉರಿಯಿತು, ಬಟ್ಟೆ ತಿರುಗಿತು, ಇಸ್ತ್ರಿ ಓಡಾಡಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಪೆಟ್ಟಿಗೆ ಮಾತ್ರ ಹಸಿರು ದೀಪ ಹಚ್ಚಿಕೊಂಡು ಬಾಯಿ ಮುಚ್ಚಿಕೊಂಡಿತ್ತು. ಸೊಸೆಗೆ ಟಕ್ ಕೇಳದೆ ಊಟವೇ ಇಳಿಯಲಿಲ್ಲ.

ರಾತ್ರಿ ಊಟಕ್ಕೆ ಕೂತ ಮಂತ್ರಿ ವರದಿ ತೆಗೆದ. ಕಣ್ಣು ಉಜ್ಜಿಕೊಂಡ.

“ಮನೆ ಕೆಂಪು! ಬಿಸಿನೀರೂ ಕೆಂಪು!” ಎಂದು ಕುರ್ಚಿ ತಳ್ಳಿ ಎದ್ದ. ಮೊದಲು ಫ್ಯಾನ್ ಆರಿಸಿದ, ಆಮೇಲೆ ವರಾಂಡದ ದೀಪ. “ಅಮ್ಮಾ, ಎಷ್ಟು ಹೊತ್ತು ಓವನ್ ಉರಿಸಿದ್ಯೇ? ಇಸ್ತ್ರಿ ಎಷ್ಟು ಮಾಡಿದ್ಯೇ?”

“ನಿನ್ನೆ ಮಾಡಿದಷ್ಟೇ ಕಣೋ.”

“ನಿನ್ನೆ ಹಳದಿ ಇತ್ತಲ್ಲ!”

“ಓವನ್ನೂ ಅದೇ, ನಾನೂ ಅದೇ. ನಿನ್ನೆ ಇಲ್ಲದ ಕೆಂಪು ಇವತ್ತು ಎಲ್ಲಿಂದ ಉದುರಿತು?”

“ನಾನು ಕಾರನ್ನ ಮೇಲೆ ಹಾಕಿದೆ,” ಎಂದಳು ಸೊಸೆ. ತುತ್ತು ಕಲಸುವುದನ್ನು ಅವಳು ನಿಲ್ಲಿಸಲಿಲ್ಲ.

“ನೀನಾ? ಹೇಳದೆ ಕೇಳದೆ? ಮನೆಗಿಂತ ಕಾರು ಹೆಚ್ಚಾ ನಿನಗೆ?”

“ಅಪ್ಪಾ, ಒಟ್ಟು ನೋಡು,” ಎಂದಳು ಮಗಳು. “ಬಿಸಿಲು ಕಳೆದ ಸೋಮವಾರದಷ್ಟೇ, ಕಂಬದ್ದೂ ಅಷ್ಟೇ. ಒಂದು ಚೂರೂ ಜಾಸ್ತಿ ಆಗಿಲ್ಲ.”

ಅವನು ನೋಡಿದ. ಕಳೆದ ಸೋಮವಾರದ ಅಂಕಿಯನ್ನೂ ತೆಗೆದು ನೋಡಿದ.

ಅತ್ತೆ ಬ್ರೆಡ್ಡಿನ ಚೂರನ್ನು ತಟ್ಟೆಯಲ್ಲಿಟ್ಟು ಮೊಮ್ಮಗಳ ಕಡೆ ತಿರುಗಿದರು. “ತಡಿ. ಹಾಗಾದ್ರೆ ಇಷ್ಟು ದಿನ ಇವಳ ತಲೆಗೆ ಕಟ್ಟಿದ ಕೆಂಪು, ನನ್ನ ಓವನ್ನಿಂದು?”

“ಓವನ್ನಿಂದು ಅಂತಲೂ ಹೇಳೋಕಾಗಲ್ಲ ಅಜ್ಜಿ. ಎಲ್ಲರದ್ದೂ. ಸಾಲಿನ ಕೊನೇಲಿ ಯಾರು ನಿಂತಿರ್ತಾರೋ ಅವರ ಹೆಸರಿಗೆ ಬರೀತಾರೆ ಅಷ್ಟೆ.”

ಫ್ಯಾನ್ ಆರಿಸಿದ್ದರಿಂದ ಕೋಣೆ ಬೇಯುತ್ತಿತ್ತು.

“ನಾನು ಈ ಮನೆಗೆ ಬಂದಾಗ ಹೊಲಿಗೆ ಕಲೀಬೇಕು ಅಂತ ಆಸೆ ಇತ್ತು,” ಎಂದರು ಅತ್ತೆ. ಯಾರನ್ನೂ ನೋಡದೆ ಹೇಳಿದರು. “ಹಗಲು ಕೆಲಸ. ಸಾಯಂಕಾಲ ಎಲ್ಲರೂ ದೀಪದ ಸುತ್ತ ಹರಟೆ ಹೊಡೀತಾ ಕೂತಿರೋರು. ಅವರಿಗೆಲ್ಲ ಬಡಿಸಿ, ತೊಳೆದು, ನಾನು ಬಟ್ಟೆ ಹಿಡ್ಕೊಂಡು ಕೂರೋ ಹೊತ್ತಿಗೆ ಅವರು ಎದ್ದು ಹೋಗೋರು. ಅಲ್ಲಿವರೆಗೆ ಉರಿದ ಎಣ್ಣೆ ಮನೇದು. ಆಮೇಲೆ ಉರಿದದ್ದು ನನ್ನದು. ‘ಇವಳ ಹೊಲಿಗೆಗೆ ಎಣ್ಣೆ ಎಷ್ಟು ಹೋಗುತ್ತೆ’ ಅಂತ ನಮ್ಮತ್ತೆ ಊರೆಲ್ಲ ಹೇಳ್ಕೊಂಡು ಬಂದ್ರು. ಹೊಲಿಗೆ ಬಿಟ್ಟೆ.”

“ಅಮ್ಮಾ, ಅದಕ್ಕೂ ಇದಕ್ಕೂ ಏನು ಸಂಬಂಧ?” ಎಂದ ಮಗ.

“ನಿನಗೆ ಗೊತ್ತಾಗಲ್ಲ, ಊಟ ಮಾಡು.”

ಅವನು ಸೋಲುವ ಗಿರಾಕಿಯಲ್ಲ. “ನಾಳೆ ಬೆಳಗ್ಗೆ ನಾನು ಮೊದಲಿನ ಹಾಗೆ ಸರಿಮಾಡ್ತೀನಿ. ಮನೆ ಅಂದ ಮೇಲೆ ಮನೆ ಮೊದಲು,” ಎಂದ.

“ಮಾಡಿ,” ಎಂದಳು ಸೊಸೆ. “ಮಾಡಿ. ದಿನಾ ಕೆಂಪು ಅನ್ನಿಸ್ಕೊಂಡು ನಾನಿನ್ನು ಹೊರಡಲ್ಲ, ಸಾಯಂಕಾಲ ಗಾರ್ಡ್ ತಾತನ ಮನೆಗೆ ನೀವೇ ಹೋಗಿ. ಗಾಡಿ ಲೇಟಲ್ಲ, ರದ್ದು ಅಂತ ನೀವೇ ಹೇಳಿ. ಅವರ ಶೂ ನೀವೇ ಬಿಚ್ಚಿ. ನನ್ನ ಕೈಲಿ ಆಗಲ್ಲ.”

ಗಂಡ ಅವಳನ್ನೇ ನೋಡಿದ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದೇ ಅವನನ್ನು ಹೆದರಿಸಿತು. ಫೋನನ್ನು ಮಗುಚಿಟ್ಟು ಉಂಡು ಎದ್ದ. ಬೆಳಗ್ಗೆ ಕಚೇರಿಗೆ ಹೊರಡುವಾಗಲೂ ಅದನ್ನು ಮುಟ್ಟಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ, ಅವಳು ಕೇಳಲಿಲ್ಲ.

ಮಧ್ಯಾಹ್ನ ಕಾರು ನಿಲ್ಲಿಸಿ ಕೇಬಲ್ ಸಿಕ್ಕಿಸಿ ಅವಳು ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. ದೀಪ ನೀಲಿ ಮಿಣುಕಿತು. ಒಂದು ಗಳಿಗೆ. ಆಮೇಲೆ ಹಸಿರಾಯಿತು.

ಒಳಗೆ ಬ್ರೆಡ್ಡಿನ ವಾಸನೆ ಗಮ್ಮೆನ್ನುತ್ತಿತ್ತು. ಮೇಜಿನ ಮೇಲೆ ಎರಡು ತಟ್ಟೆ ಹಾಕಿತ್ತು, ಎರಡರಲ್ಲೂ ಬಡಿಸಿತ್ತು. ಅತ್ತೆ ಒಂದರ ಮುಂದೆ ಕೂತು ಕಾಯುತ್ತಿದ್ದರು.

“ಕೂತ್ಕೋ. ಆರಿಹೋಗುತ್ತೆ.”

ಅವಳು ಕೈ ತೊಳೆದು ಕೂತಳು. ಅಷ್ಟರಲ್ಲಿ ಅತ್ತೆಯ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಮಗನ ದನಿ ಮನೆಗೆಲ್ಲ ಕೇಳಿಸಿತು. “ಅಮ್ಮಾ, ಓವನ್ ಆರಿಸು. ಮನೆ ಮತ್ತೆ ಕೆಂಪಾಗಿದೆ.”

“ಬ್ರೆಡ್ ಇನ್ನೂ ಬೆಂದಿಲ್ಲ.”

“ಕೆಂಪಾಗಿದೆ ಅಂದೆನಲ್ಲಮ್ಮ!”

“ಆಗ್ಲಿ ಬಿಡೋ,” ಎಂದರು ಅತ್ತೆ. “ಈ ಮನೇಲಿ ಯಾವಾಗಲೂ ಯಾರೋ ಒಬ್ಬರು ಕೆಂಪಾಗೇ ಇದ್ರು. ಇಷ್ಟು ವರ್ಷ ನಿನಗೆ ಕಾಣಿಸಲಿಲ್ಲ ಅಷ್ಟೆ.”

ಫೋನು ಇಟ್ಟು, ಪಾತ್ರೆಯಲ್ಲಿದ್ದುದನ್ನು ಸೊಸೆಯ ತಟ್ಟೆಗೆ ಮತ್ತೊಂದು ಸೌಟು ಹಾಕಿದರು. ಸೊಸೆಯ ಕಿವಿ ಇನ್ನೂ ಹೊರಗಿನ ಗೋಡೆಯ ಕಡೆಗೇ ಇತ್ತು.

“ಏನು ಆಲಿಸ್ತಾ ಕೂತಿದೀಯ?” ಎಂದರು ಅತ್ತೆ. “ತಿನ್ನು. ಆ ತಾತ ಶೂ ಹಾಕ್ಕೊಂಡಿರ್ತಾರೆ.”